‘ಒಂದ ಮಾತ ಕೇಳಲಿಲ್ರೀ’

(ಧಾರವಾಡದಲ್ಲಿ ಶಿಕ್ಷಕರು, ಬ್ಯಾಂಕ್ ನೌಕರರು ಮತ್ತು ನಿವೃತ್ತರು ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರೊಬ್ಬರು ಎತ್ತಿದ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೇ, ಸ್ನೇಹಿತರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಪರಸ್ಪರ ಸಂವಹನ ಮತ್ತು ಆಲಿಸುವ ಕೌಶಲ’ ಎಂದು ಅಚ್ಚು ಹಾಕಿಸಿದ್ದಾರೆ. ಶಬ್ದಗಳು ಸರಿಯಾಗಿಯೇ ಇವೆ. ಆದರೆ ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ‘ನನ್ನನ್ನು ಆಲಿಸು’ ಎನ್ನುವುದಿಲ್ಲ. ‘ನಾ ಹೇಳೂದು ಕೇಳು’ ಎನ್ನುತ್ತಾರೆ. ಆದ್ದರಿಂದ ಈ ಹೊತ್ತು ನಾನು ‘ಕೇಳು’ ಎಂಬ ಆ ಹಳೆಯ ಕ್ರಿಯಾಪದವನ್ನೇ ಹಿಡಿದುಕೊಂಡು ಮಾತನಾಡುತ್ತೇನೆ. ಅದಕ್ಕೆ ಕಾರಣವೂ ಇದೆ. ‘ರೇಡಿಯೋದಲ್ಲಿ ಹಾಡು ಕೇಳಿದೆ’ ಎಂದರೆ ಕಿವಿಯ ಕೆಲಸ, ‘ಮಾಸ್ತರರನ್ನು ಲೆಕ್ಕ ಕೇಳಿದೆ’ ಎಂದರೆ ಬಾಯಿಯ ಕೆಲಸ. ನಮ್ಮ ನೆರೆಯ ಮರಾಠಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ, ಹಿಂದಿಯಲ್ಲಿಯೂ ಇವೆ, ತೆಲುಗಿನಲ್ಲಿಯೂ ಇವೆ. ಕನ್ನಡದಲ್ಲಿ, ಹಾಗೆಯೇ ತಮಿಳು ಮತ್ತು ತುಳುವಿನಲ್ಲಿ, ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ ಒಂದೇ ಪದ ಸಾಕಾಗಿದೆ. ಇದರಿಂದಾಗಿ ನಾವು ಮರಾಠಿಗರಿಗಿಂತ ಒಳ್ಳೆಯ ಕೇಳುಗರಾಗಿದ್ದೇವೆ ಎಂದು ಯಾರೂ ಬೀಗಬೇಕಾಗಿಲ್ಲ. ಆದರೆ ನನ್ನ ವೃತ್ತಿಯಲ್ಲಿ ಈ ಒಂದು ಪದದ ಎರಡು ಅರ್ಥಗಳು ಎಷ್ಟು ಹತ್ತಿರದವು ಎಂಬುದು ನನಗೆ ತಡವಾಗಿ ತಿಳಿಯಿತು.

ನಾನು ವಕೀಲ. ಬಹಳ ವರ್ಷ ದಿವಾಣಿ (ಸಿವಿಲ್) ದಾವೆಗಳನ್ನು ನಡೆಸಿದ ಮೇಲೆ ಮಧ್ಯಸ್ಥಿಕೆಗಾರನಾದೆ. ದಿವಾಣಿ ಪ್ರಕ್ರಿಯಾ ಸಂಹಿತೆಯ 89ನೆಯ ಕಲಂ 2002ರಲ್ಲಿ ಹೊಸ ರೂಪದಲ್ಲಿ ಜಾರಿಗೆ ಬಂದಂದಿನಿಂದ, ರಾಜಿಗೆ ಅವಕಾಶವಿದೆಯೆಂದು ಕಂಡ ದಾವೆಯನ್ನು ನ್ಯಾಯಾಲಯವು ಮಧ್ಯಸ್ಥಿಕೆಗೆ ಕಳಿಸಬಹುದಾಗಿದೆ. ಆ ಕೋಣೆಯಲ್ಲಿ ಕಟಕಟೆ ಇರುವುದಿಲ್ಲ, ಸಾಕ್ಷಿ ಇರುವುದಿಲ್ಲ, ತೀರ್ಪು ಕೊಡುವ ಅಧಿಕಾರವೂ ಮಧ್ಯಸ್ಥಿಕೆಗಾರನಿಗೆ ಇರುವುದಿಲ್ಲ. ಅವನ ಕೈಯಲ್ಲಿ ಇರುವ ಉಪಕರಣ ಒಂದೇ, ಅದು ಕೇಳುವುದು. ಅದಕ್ಕಾಗಿ ನಮಗೆ 40 ತಾಸುಗಳ ತರಬೇತಿ ಕೊಡುತ್ತಾರೆ. ಆ ತರಬೇತಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವರು ಅನುಭವಿ ವಕೀಲರೇ ಎಂದರೆ ನಿಮಗೆ ನಗು ಬಂದೀತು. ಪಾಟೀಸವಾಲು ಮಾಡಿ ಮಾಡಿ ನಮ್ಮ ಕಿವಿ ಒಂದು ವಿಶಿಷ್ಟ ರೀತಿಯಲ್ಲಿ ಕೆಟ್ಟಿರುತ್ತದೆ. ಎದುರಿನವನು ಏನು ಹೇಳುತ್ತಿದ್ದಾನೆ ಎಂಬುದಕ್ಕಿಂತ, ಎಲ್ಲಿ ಸಿಕ್ಕಿಬೀಳುತ್ತಾನೆ ಎಂಬುದರ ಮೇಲೆಯೇ ಅದರ ನಿಗಾ. ಮೊನ್ನೆ ಹೇಳಿದ್ದಕ್ಕೂ ಈಗ ಹೇಳುತ್ತಿರುವುದಕ್ಕೂ ತಾಳೆಯಾಗದ ಒಂದು ತಾರೀಖು ಸಿಕ್ಕರೆ ಸಾಕು, ಉಳಿದ ಮಾತೆಲ್ಲ ನಮಗೆ ಗಾಳಿಯಲ್ಲಿ ತೂರಿದ ಹೊಟ್ಟು. ಇದು ವಕೀಲರಿಗಷ್ಟೇ ಅಂಟಿದ ರೋಗವೆಂದು ನೀವು ನೆಮ್ಮದಿಯಿಂದ ಕೂರಬೇಡಿ. ಹತ್ತನೆಯ ತರಗತಿಯ ಮಗನಿರುವ ಯಾವ ಮನೆಯಲ್ಲಿಯಾದರೂ ಸಂಜೆ ಏಳು ಗಂಟೆಗೆ ಹೋಗಿ ನಿಂತರೆ ಅಲ್ಲಿ ಪಾಟೀಸವಾಲು ನಡೆದೇ ಇರುತ್ತದೆ.

ಒಂದು ಪ್ರಕರಣವನ್ನು ಹೇಳುತ್ತೇನೆ. ಮಧ್ಯಸ್ಥಿಕೆಯ ಕೋಣೆಯ ಮಾತು ಹೊರಗೆ ಹೋಗಬಾರದು ಎಂಬ ಕಟ್ಟುಪಾಡು ಇರುವುದರಿಂದ ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಗದಗ ಕಡೆಯ ಎರೆಹೊಲದ ಇಬ್ಬರು ಅಣ್ಣತಮ್ಮಂದಿರು. ವಾಟ್ನಿಯಾಗಿ, ಅಂದರೆ ಆಸ್ತಿ ಪಾಲಾಗಿ, ಹತ್ತು ವರ್ಷಗಳಾಗಿದ್ದವು. ಅಣ್ಣನ ಹೊಲಕ್ಕೆ ಹೋಗುವ ಬಂಡಿದಾರಿ ತಮ್ಮನ ಹೊಲದ ಅಂಚಿನಲ್ಲಿ ಹಾಯ್ದಿತ್ತು. ಒಂದು ಹಿಂಗಾರಿಗೆ ತಮ್ಮ ಆ ದಾರಿಯನ್ನೂ ಹರಗಿ ಕಡಲೆ ಬಿತ್ತಿದ. ದಾವೆ ನಾಲ್ಕು ವರ್ಷ ನಡೆದ ಮೇಲೆ ನನ್ನ ಮುಂದೆ ಬಂತು. ಮೊದಲ ಎರಡು ಬೈಠಕ್‌ಗಳಲ್ಲಿ ನಾನು ಕಾಗದದ ಮೇಲೆ ನಕಾಶೆ ಬರೆದು, ದಾರಿ ಎಂಟು ಫೂಟು ಇರಬೇಕೋ ಹತ್ತು ಫೂಟು ಇರಬೇಕೋ ಎಂಬ ಚೌಕಾಸಿಯಲ್ಲಿ ಹೊತ್ತು ಕಳೆದೆ. ಇಬ್ಬರೂ ಒಪ್ಪಲಿಲ್ಲ. ಆಮೇಲೆ ಟಿಪ್ಪಣಿಯನ್ನು ತಿರುವಿ ಹಾಕುವಾಗ ಅಣ್ಣನ ಬಾಯಲ್ಲಿ ‘ಅವ್ವ ಇದ್ದಾಗ’ ಎಂಬ ಮಾತು ಮೂರು ಸಲ ಬಂದದ್ದು ಕಣ್ಣಿಗೆ ಬಿತ್ತು. ನಾನೇ ಬರೆದುಕೊಂಡಿದ್ದೆ, ಆದರೆ ಅದನ್ನು ಕೇವಲ ಕಾಲಸೂಚನೆ ಎಂದು ತಿಳಿದು ಬಿಟ್ಟಿದ್ದೆ. ಮೂರನೆಯ ಬೈಠಕ್‌ನಲ್ಲಿ ನಕಾಶೆಯನ್ನು ಮಡಚಿಟ್ಟು ಕೇಳಿದೆ: “ಹಿರ್ಯಾರ, ಅವ್ವ ಇದ್ದಾಗ ಅಂತ ಮೂರ ಸಲ ಅಂದ್ರಿ. ಆವಾಗ ಏನಿತ್ರೀ?”

ಅವರು ಬಹಳ ಹೊತ್ತು ಸುಮ್ಮನಿದ್ದರು. ಮೌನವನ್ನು ಸಹಿಸುವುದು ವಕೀಲನಿಗೆ ಎಷ್ಟು ಕಠಿಣವೆಂದರೆ, ನಾನು ಮೇಜಿನ ಅಡಿಯಲ್ಲಿ ಪೆನ್ನಿನ ಮುಚ್ಚಳವನ್ನು ತೆಗೆಯುವುದು ಹಾಕುವುದು ಮಾಡುತ್ತ ಕುಳಿತಿದ್ದೆ. ಕೊನೆಗೆ ಅವರು ಹೇಳಿದರು. ಅವ್ವನ ದಿನ ಮುಗಿದ ಮರುವಾರವೇ ತಮ್ಮ ಆಕೆಯ ಎಮ್ಮೆಯನ್ನು ಮಾರಿದ್ದ. “ಎಮ್ಮಿ ಮಾರಿದ್ದಕ್ಕಲ್ರೀ ಸಾಹೇಬ್ರ. ಅವನ ದಂದಕ್ಕ್ಯಾಗ ಇತ್ತು, ಅವನಽ ಮಾರ್ಲಿ. ನನ್ನ ಒಂದ ಮಾತ ಕೇಳಲಿಲ್ರೀ.” ಆಗ ತಮ್ಮ ತಲೆ ಎತ್ತಿ ಮೊದಲ ಬಾರಿಗೆ ನೇರವಾಗಿ ಅಣ್ಣನಿಗೇ ಹೇಳಿದ: “ಕೇಳಾಕಂತಽ ಬಂದಿದ್ನೆಪಾ. ನಾ ಬಾಯಿ ತಗಿಯೂದ್ರೊಳಗ, ರೊಕ್ಕದ ಮಾತಿದ್ರ ಮುಂದಿನ ವಾರ ಬಾ ಅಂದಿ. ನನ್ನ ಮಾತ ನೀ ಎಲ್ಲಿ ಕೇಳಿದಿ?”

ಗಮನಿಸಿ. ಇಬ್ಬರ ದೂರೂ ಒಂದೇ ವಾಕ್ಯದಲ್ಲಿದೆ. ಅಣ್ಣನ ‘ಕೇಳಲಿಲ್ಲ’ ಎಂದರೆ ತನ್ನ ಅಭಿಪ್ರಾಯವನ್ನು ವಿಚಾರಿಸಲಿಲ್ಲ ಎಂದು. ತಮ್ಮನ ‘ಕೇಳಲಿಲ್ಲ’ ಎಂದರೆ ತನ್ನ ಮಾತಿಗೆ ಕಿವಿಗೊಡಲಿಲ್ಲ ಎಂದು. ಒಬ್ಬನು ಕಿವಿಗೊಡದ್ದರಿಂದ ಇನ್ನೊಬ್ಬನು ವಿಚಾರಿಸಲಿಲ್ಲ, ವಿಚಾರಿಸದ್ದರಿಂದ ಮೊದಲನೆಯವನು ದಾರಿಗಾಗಿ ದಾವೆ ಹೂಡಿದ. ಇದು ಒಂದೇ ಸಲಕ್ಕೆ ಬಗೆಹರಿಯಿತೆಂದು ನಾನು ಹೇಳುತ್ತಿಲ್ಲ. ಮತ್ತೆರಡು ಬೈಠಕ್ ಬೇಕಾದವು, ದಾರಿ ಒಂಬತ್ತು ಫೂಟಿಗೆ ನಿಂತಿತು, ಅಣ್ಣತಮ್ಮಂದಿರು ಈಗಲೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಆದರೆ ಆ ಪ್ರಕರಣದ ನಂತರ ನಾನು ಪ್ರತಿಯೊಂದು ಜಗಳದಲ್ಲಿಯೂ ಆ ವಾಕ್ಯಕ್ಕಾಗಿ ಕಾಯತೊಡಗಿದೆ. ವಾಟ್ನಿಯಿರಲಿ, ಗಂಡಹೆಂಡಿರ ಪ್ರಕರಣವಿರಲಿ, ಪಾಲುದಾರಿಕೆಯ ಅಂಗಡಿಯಿರಲಿ, ‘ಒಂದ ಮಾತ ಕೇಳಲಿಲ್ರೀ’ ಎಂಬುದು ಎಲ್ಲಿಂದಲೋ ಬಂದೇ ಬರುತ್ತದೆ.

ನಾವು ಏಕೆ ಕೇಳುವುದಿಲ್ಲ? ಅಹಂಕಾರ, ಅವಸರ, ಮೊಬೈಲು ಎಂದು ಸಾಮಾನ್ಯವಾಗಿ ಉಪದೇಶಿಸುತ್ತಾರೆ. ಅವುಗಳ ಪಾಲು ಇದ್ದೇ ಇದೆ. ಆದರೆ ಇದಕ್ಕಿಂತ ಆಳದ ಒಂದು ಕಾರಣವನ್ನು ಭಾಷಾವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಜಗತ್ತಿನ ಬೇರೆ ಬೇರೆ ಮೂಲೆಗಳ ಹತ್ತು ಭಾಷೆಗಳ ಸಹಜ ಸಂಭಾಷಣೆಯನ್ನು ತೆಗೆದುಕೊಂಡು, ಹೌದು-ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ ಎಷ್ಟು ಬಿಡುವು ಇರುತ್ತದೆ ಎಂದು ಅಳೆಯಿತು. ಜಪಾನಿ, ಡೇನಿಶ್, ಇಟಾಲಿಯನ್ ಮುಂತಾದವು ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಸರಾಸರಿ ಬಿಡುವು ಸುಮಾರು 200 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐದನೆಯ ಒಂದು ಪಾಲು. ಜಪಾನಿ ಭಾಷಿಕರು ಅದಕ್ಕಿಂತ ಬೇಗ, ಡೇನಿಶ್ ಭಾಷಿಕರು ತುಸು ನಿಧಾನ, ವ್ಯತ್ಯಾಸ ಅಷ್ಟೇ. ಈಗ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿ ಇಡಿ. ಒಂದು ಚಿತ್ರವನ್ನು ನೋಡಿ ಅದರ ಹೆಸರು ಹೇಳಲು, ಅಂದರೆ ಒಂದೇ ಒಂದು ಶಬ್ದವನ್ನು ಮನಸ್ಸಿನಿಂದ ಬಾಯಿಗೆ ತರಲು, ಮನುಷ್ಯನಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಐದನೆಯ ಒಂದು ಪಾಲಿನೊಳಗೆ ಉತ್ತರ ಬರುತ್ತಿದೆ ಎಂದರೆ, ಎದುರಿನವರ ಮಾತು ಮುಗಿಯುವುದಕ್ಕೆ ಮುಂಚೆಯೇ ನಾವು ಉತ್ತರ ಕಟ್ಟಲು ತೊಡಗಿರುತ್ತೇವೆ ಎಂದೇ ಅರ್ಥ. ಹೀಗಾಗಿ ‘ಉತ್ತರ ಯೋಚಿಸದೆ ಕೇಳಿರಿ’ ಎಂಬ ಉಪದೇಶ ಕೇಳಲು ಚೆಂದ, ನಡೆಸಲು ಬಹಳ ಕಷ್ಟ. ಎತ್ತು ಗಾಡಿಯನ್ನು ಎಳೆದೇ ಎಳೆಯುತ್ತದೆ; ನಾವು ಮಾಡಬಹುದಾದದ್ದು ಅದನ್ನು ಬೇರೆ ದಾರಿಗೆ ಹೊಡೆಯುವುದು.

ನಾನು ಕಂಡುಕೊಂಡ ಬೇರೆ ದಾರಿ ಇಷ್ಟೇ. ಮನಸ್ಸು ಹೇಗೂ ಏನನ್ನಾದರೂ ಸಿದ್ಧಪಡಿಸುತ್ತದೆಯಾದರೆ, ಉತ್ತರದ ಬದಲು ಒಂದು ಪ್ರಶ್ನೆಯನ್ನು ಸಿದ್ಧಪಡಿಸಲಿ. ಉತ್ತರ ಕಟ್ಟುವವನಿಗೆ ಎದುರಿನವರ ಮೊದಲ ಎರಡು ವಾಕ್ಯ ಸಾಕಾಗುತ್ತವೆ. ಪ್ರಶ್ನೆ ಕಟ್ಟುವವನು ಮಾತಿನ ಕೊನೆಯವರೆಗೆ ಹೋಗಲೇಬೇಕು, ಏಕೆಂದರೆ ಅವನು ಕೇಳಬೇಕೆಂದಿದ್ದಕ್ಕೆ ಐದನೆಯ ವಾಕ್ಯದಲ್ಲಿ ಉತ್ತರ ಬಂದುಬಿಟ್ಟರೆ ಪ್ರಶ್ನೆ ಪೆದ್ದುಪೆದ್ದಾಗುತ್ತದೆ. ಕನ್ನಡದ ‘ಕೇಳು’ ಎಂಬ ಪದದೊಳಗಿನ ಬಾಯಿಯ ಕೆಲಸವು ಕಿವಿಯ ಕೆಲಸವನ್ನು ಹೀಗೆ ಕಾಯುತ್ತದೆ. ಆದರೆ ಪ್ರಶ್ನೆಯ ಜಾತಿಯನ್ನು ನೋಡಿಕೊಳ್ಳಬೇಕು. ನಮ್ಮ ಭಾಗದಲ್ಲಿ ‘ಯಾಕ?’ ಎಂಬುದು ಪ್ರಶ್ನೆಗಿಂತ ಹೆಚ್ಚಾಗಿ ಆರೋಪ. ‘ಯಾಕ ತಡಾ ಮಾಡಿದಿ?’ ಎಂದರೆ ಎದುರಿನವನು ನೆವ ಹುಡುಕತೊಡಗುತ್ತಾನೆ. ‘ಏನಾತು?’ ಎಂದರೆ ಕಥೆ ಹೇಳುತ್ತಾನೆ.

ಎರಡನೆಯ ಸಾಧನ ಮರುನುಡಿ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ಫಾರ್ಸನ್ 1957ರಲ್ಲಿ ಈ ಬಗೆಯ ಕೇಳುವಿಕೆಯ ಬಗ್ಗೆ ಬರೆದರು. ಹೇಳಿದವರ ಮಾತನ್ನೂ ಅದರ ಹಿಂದಿನ ಭಾವವನ್ನೂ ನಮ್ಮ ಮಾತಿನಲ್ಲಿ ಅವರಿಗೆ ಒಪ್ಪಿಸಿ, ‘ಸರಿಯಾಗಿ ತಿಳಿದುಕೊಂಡೆನೇ?’ ಎಂದು ಪರೀಕ್ಷಿಸುವುದು ಅದರ ತಿರುಳು. ತರಬೇತಿ ಶಿಬಿರಗಳಲ್ಲಿ ಇದು ಗಿಳಿಪಾಠವಾಗಿಬಿಟ್ಟಿದೆ. ‘ನನಗೆ ಬೇಸರವಾಗಿದೆ’ ಎಂದರೆ ‘ಅಂದರೆ ನಿಮಗೆ ಬೇಸರವಾಗಿದೆ’ ಎನ್ನುವವನ ಎದುರು ಯಾರಿಗಾದರೂ ಎದ್ದು ಹೋಗಬೇಕೆನಿಸುತ್ತದೆ. ಒಳ್ಳೆಯ ಮರುನುಡಿಯಲ್ಲಿ ತಪ್ಪಾಗುವ ಧೈರ್ಯವಿರಬೇಕು. ‘ಎಮ್ಮೆಗಿಂತ, ನಿಮ್ಮ ಹಿರಿತನಕ್ಕೆ ಬೆಲೆ ಸಿಗಲಿಲ್ಲ ಅಂತ ಸಂಕಟ, ಹೌದಲ್ರೀ?’ ಎಂದು ನಾನು ಆ ಅಣ್ಣನಿಗೆ ಹೇಳಿದಾಗ ಅವರು ತಲೆಯಾಡಿಸಿ, ‘ಹಿರಿತನ ಅಲ್ರೀ, ಅವ್ವ ನನಗೂ ಅವ್ವನಽ’ ಎಂದು ತಿದ್ದಿದರು. ನನ್ನ ತಪ್ಪು ಊಹೆಯಿಂದಲೇ ಸರಿಯಾದ ಮಾತು ಹೊರಬಂತು.

ಇಷ್ಟೆಲ್ಲ ಕೇಳುತ್ತ ಕುಳಿತರೆ ಹೊತ್ತು ಎಲ್ಲಿದೆ ಎಂದು ಆಫೀಸುಗಳಲ್ಲಿ ಕೆಲಸ ಮಾಡುವವರು ಕೇಳುತ್ತಾರೆ. ವೈದ್ಯರ ಕೋಣೆಯಲ್ಲಿ ಇದನ್ನು ಗಡಿಯಾರ ಹಿಡಿದು ನೋಡಿದ್ದಾರೆ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 74 ಭೇಟಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ರೋಗಿ ತನ್ನ ತೊಂದರೆ ಹೇಳಲು ತೊಡಗಿ ಸರಾಸರಿ 18 ಸೆಕೆಂಡುಗಳಾಗುವಷ್ಟರಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಪೂರ್ತಿ ಹೇಳಿ ಮುಗಿಸಲು ಅವಕಾಶ ಸಿಕ್ಕದ್ದು 17 ಭೇಟಿಗಳಲ್ಲಿ ಮಾತ್ರ. ಹಾಗಾದರೆ ಬಿಟ್ಟರೆ ಎಷ್ಟು ಹೊತ್ತು ಮಾತನಾಡುತ್ತಾರೆ? ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲವು ವೈದ್ಯರು ರೋಗಿ ತಾನಾಗಿ ನಿಲ್ಲಿಸುವವರೆಗೆ ಸುಮ್ಮನೆ ಕೇಳುವುದೆಂದು ನಿರ್ಧರಿಸಿ, 335 ರೋಗಿಗಳ ಮಾತಿನ ಹೊತ್ತನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಸರಾಸರಿ 92 ಸೆಕೆಂಡು. ಐವರಲ್ಲಿ ಸುಮಾರು ನಾಲ್ವರು ಎರಡು ನಿಮಿಷದೊಳಗೆ ಮುಗಿಸಿದ್ದರು. ನಡುವೆ ಬಾಯಿ ಹಾಕುವ ಹೊತ್ತಿಗೂ ಪೂರ್ತಿ ಕೇಳಲು ಹಿಡಿಯುವ ಹೊತ್ತಿಗೂ ಇರುವ ಅಂತರ ಒಂದು ನಿಮಿಷ ಚಿಲ್ಲರೆ.

ಕೇಳದಿದ್ದರೆ ಆಗುವ ಹಾನಿಗೆ ವಿಮಾನಯಾನದ ಚರಿತ್ರೆಯಲ್ಲಿ ಒಂದು ಭೀಕರ ನಿದರ್ಶನವಿದೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರೀಫ್ ದ್ವೀಪದಲ್ಲಿ, ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಹಾರಲು ಓಡತೊಡಗಿದ್ದ ವಿಮಾನಕ್ಕೆ ನಿಯಂತ್ರಣ ಗೋಪುರದಿಂದ ‘ಕಾಯಿರಿ’ ಎಂದೂ, ಎದುರಿನ ವಿಮಾನದಿಂದ ‘ನಾವಿನ್ನೂ ರನ್‌ವೇಯ ಮೇಲಿದ್ದೇವೆ’ ಎಂದೂ ಸಂದೇಶಗಳು ಒಂದೇ ಕ್ಷಣದಲ್ಲಿ ಹೊರಟು, ರೇಡಿಯೋದಲ್ಲಿ ಒಂದರ ಮೇಲೊಂದು ಬಿದ್ದು ಬರಿ ಸೀಟಿಯಾಗಿ ಕೇಳಿಸಿದವು. ಯಂತ್ರದ ಮಿತಿ ಎಂದು ಇದನ್ನು ಬಿಡಬಹುದಿತ್ತು. ಆದರೆ ಕೆಲವು ಸೆಕೆಂಡುಗಳ ನಂತರ ಅದೇ ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಸಂಶಯ ಎತ್ತಿದ. ಬಹಳ ಹಿರಿಯನಾಗಿದ್ದ ಕ್ಯಾಪ್ಟನ್ ಬಿಟ್ಟಿದೆ ಎಂದು ತಳ್ಳಿಹಾಕಿದ. ಆ ನಂತರ ವಿಮಾನಯಾನದಲ್ಲಿ ‘ಟೇಕಾಫ್’ ಎಂಬ ಶಬ್ದವನ್ನು ನಿಜವಾದ ಹಾರಾಟದ ಅನುಮತಿಗೆ ಮಾತ್ರ ಮೀಸಲಿಟ್ಟರು, ಕಿರಿಯರ ಸಂಶಯವನ್ನು ಹಿರಿಯರು ಹೇಗೆ ಸ್ವೀಕರಿಸಬೇಕೆಂಬುದೇ ಒಂದು ತರಬೇತಿಯಾಯಿತು. ನಮ್ಮ ಹುಬ್ಬಳ್ಳಿ ರೈಲ್ವೆಯ ಊರು. ಇಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರು ಯಾರಾದರೂ ಕುಳಿತಿದ್ದರೆ ಅವರಿಗೆ ಇದು ಹೊಸದಲ್ಲ. ಒಂದು ಗಾಡಿಗೆ ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ (ಗಾಡಿ ಕಳಿಸಲು ಒಪ್ಪಿಗೆ) ಪಡೆಯುವಾಗ ಇಬ್ಬರು ಮಾಸ್ತರರು ಪ್ರೈವೇಟ್ ನಂಬರ್ (ಆ ಒಪ್ಪಿಗೆಯನ್ನು ಖಚಿತಪಡಿಸುವ ಗುಪ್ತ ಸಂಖ್ಯೆ) ವಿನಿಮಯ ಮಾಡಿಕೊಂಡು ಬರೆದಿಡುವ ಪದ್ಧತಿ ಇರುವುದು, ‘ಹೇಳಿದೆ’ ಎಂಬುದೂ ‘ಕೇಳಿಸಿಕೊಂಡೆ’ ಎಂಬುದೂ ಎರಡು ಪ್ರತ್ಯೇಕ ಘಟನೆಗಳು ಎಂದು ರೈಲ್ವೆಗೆ ಗೊತ್ತಿರುವುದರಿಂದ. ನಮ್ಮ ಆಫೀಸುಗಳಿಗೆ ಅದು ಇನ್ನೂ ಗೊತ್ತಿಲ್ಲ.

ನಡುವೆ ಒಂದು ತಕರಾರನ್ನು ದಾಖಲಿಸಿ ಮುಂದೆ ಹೋಗುತ್ತೇನೆ. ಸಂವಹನದಲ್ಲಿ ಶಬ್ದಗಳ ಪಾಲು ಶೇ. 7, ದನಿಯದು 38, ಮುಖಭಾವದ್ದು 55 ಎಂಬ ಪಟ್ಟಿಯನ್ನು ನೀವು ಯಾವುದಾದರೂ ತರಬೇತಿಯಲ್ಲಿ ನೋಡಿಯೇ ಇರುತ್ತೀರಿ. ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹುಟ್ಟಿದ ಅಂಕಿಗಳು ಅವು. ಆ ಪ್ರಯೋಗಗಳಲ್ಲಿದ್ದದ್ದು ಒಂಟಿ ಶಬ್ದಗಳು. ಪ್ರಶ್ನೆಯಿದ್ದದ್ದು ಇಷ್ಟ-ಅನಿಷ್ಟದ ಭಾವದ ಬಗ್ಗೆ ಮಾತ್ರ, ಅದೂ ಶಬ್ದ, ದನಿ, ಮುಖ ಒಂದಕ್ಕೊಂದು ವಿರುದ್ಧವಾಗಿದ್ದಾಗ. ಎಲ್ಲ ಮಾತಿಗೂ ಅನ್ವಯಿಸುವುದಾಗಿದ್ದರೆ ನೀವು ಈಗ ಕಿವಿ ಮುಚ್ಚಿಕೊಂಡು ನನ್ನ ಮುಖವನ್ನು ನೋಡುತ್ತ ಕುಳಿತರೂ ಈ ಉಪನ್ಯಾಸದ ಅರ್ಧಕ್ಕಿಂತ ಹೆಚ್ಚು ಭಾಗ ತಿಳಿಯಬೇಕಾಗಿತ್ತು.

ಹಾಗೆಂದು ಶಬ್ದದ ಆಚೆಗೆ ಏನೂ ಇಲ್ಲವೆಂದಲ್ಲ. ಅದು ಪ್ರತಿ ಊರಿನಲ್ಲಿಯೂ ಅದರದೇ ಜಾಗದಲ್ಲಿ ಇರುತ್ತದೆ. ನಮ್ಮಲ್ಲಿ ಅದು ಬಹುಮಟ್ಟಿಗೆ ‘ರೀ’ಯಲ್ಲಿದೆ. ಮಾತುಮಾತಿಗೆ ‘ಹೌದ್ರೀ, ಅಲ್ರೀ’ ಎನ್ನುತ್ತಿದ್ದವನ ಬಾಯಿಂದ ಆ ‘ರೀ’ ಉದುರಿತೆಂದರೆ, ಅವನು ದನಿ ಏರಿಸದಿದ್ದರೂ ನಾನು ಬೈಠಕ್ ನಿಲ್ಲಿಸಿ ಚಹಾ ತರಿಸುತ್ತೇನೆ. ಇದರ ತಿರುವುಮುರುವು ಇನ್ನೂ ಅಪಾಯಕಾರಿ. ಹುಟ್ಟಿದಾಗಿನಿಂದ ‘ನೀ’ ಎಂದು ಕರೆದ ತಮ್ಮನಿಗೆ ಅಣ್ಣ ತಣ್ಣಗೆ ‘ನೀವು’ ಎಂದರೆ ಅಲ್ಲಿಗೆ ಬಾಗಿಲು ಹಾಕಿದ ಹಾಗೆ. ‘ನೋಡೂಣ್ರಿ’ ಎಂಬುದು ಹೆಚ್ಚಿನ ಸಲ ಇಲ್ಲ ಎಂಬುದರ ಸಭ್ಯ ರೂಪ. ಎಲ್ಲಕ್ಕಿಂತ ಮೋಸ ಮಾಡುವುದು ‘ಆತ ಬಿಡ್ರಿ’, ಅಂದರೆ ‘ಆಯಿತು ಬಿಡಿ’. ಹೊಸ ಮಧ್ಯಸ್ಥಿಕೆಗಾರರು ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತಾರೆ. ಅದು ಬಹುಪಾಲು, ನಿಮಗೆ ಇನ್ನು ಹೇಳಿ ಉಪಯೋಗವಿಲ್ಲ ಎಂದು ಮನುಷ್ಯ ಕೈಬಿಟ್ಟ ಗುರುತು. ಮನೆಯಲ್ಲಿ ಹೆಂಡತಿಯಿಂದ ‘ಆತ ಬಿಡ್ರಿ’ ಕೇಳಿ ಸಮಾಧಾನದಿಂದ ಪೇಪರು ಓದತೊಡಗಿದ ಗಂಡಂದಿರಲ್ಲಿ ನಾನೂ ಒಬ್ಬ.

ಧಾರವಾಡದಲ್ಲಿ ನಿಂತು ಕೇಳುವುದರ ಬಗ್ಗೆ ಮಾತನಾಡುವಾಗ ಸಂಗೀತವನ್ನು ಬಿಡುವ ಹಾಗಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಿಂದ ಕಲಿತ ಗಂಗೂಬಾಯಿ ಹಾನಗಲ್ಲರೂ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬರಹವಿಲ್ಲದೆ ಬರಿ ಕಿವಿಯಿಂದ ರಾಗಗಳನ್ನು ವಶಮಾಡಿಕೊಂಡ ಅಂಧ ವಿದ್ಯಾರ್ಥಿಗಳೂ ಕೇಳುವುದನ್ನೇ ಸಾಧನೆಯಾಗಿ ಮಾಡಿಕೊಂಡವರು. ಇಂಥ ನೆಲದವರಾದ ನಮಗೆ ಕೇಳುವುದು ರಕ್ತದಲ್ಲಿಯೇ ಬಂದಿದೆ ಎಂದು ಭಾಷಣಕಾರರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಅಹೋರಾತ್ರಿ ಸಂಗೀತಕ್ಕೆ ಹೋಗಿ ಬೆಳಗಿನ ಭೈರವಿಯವರೆಗೆ ಅಲುಗದೆ ಕೂರುವ ರಸಿಕರೇ ಮರುದಿನ ಮಗಳು ಎರಡು ವಾಕ್ಯ ಮುಗಿಸಲು ಬಿಡದಿರುವುದನ್ನು ನೋಡಿದ್ದೇನೆ. ರಾಗ ನಮ್ಮ ಮೇಲೆ ಆರೋಪ ಹೊರಿಸುವುದಿಲ್ಲ, ನಮ್ಮಿಂದ ಏನನ್ನೂ ಬೇಡುವುದಿಲ್ಲ, ಮಗಳು ಬೇಡುತ್ತಾಳೆ. ನನಗೆ ಹೆಚ್ಚು ಹೊಂದುವ ಮಾದರಿ ಅಜ್ಜಿಯ ಕಥೆಯದು. ಕೇಳುವವನು ‘ಹೂಂ’ ಎನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು. ಹೂಂಗುಟ್ಟುವುದು ಕೇಳುಗನ ಪಾಲಿನ ದುಡಿಮೆ. ನಿದ್ದೆಗಣ್ಣಿನ ‘ಹೂಂ’ ಯಾವುದು, ಎಚ್ಚರದ ‘ಹೂಂ’ ಯಾವುದು ಎಂದು ಆಕೆಗೆ ತಿಳಿಯುತ್ತಿತ್ತು.

ಕೊನೆಯದಾಗಿ, ಯಾರನ್ನು ಕೇಳುತ್ತೇವೆ ಎಂಬ ಮಾತು. ಕರ್ನಾಟಕದಲ್ಲಿ 1994ರಿಂದ, ದೇಶದಾದ್ಯಂತ 2005ರ ತಿದ್ದುಪಡಿಯಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕಿದೆ. ಹೀಗಾಗಿ ವಾಟ್ನಿಯ ಬೈಠಕ್‌ಗೆ ಅಕ್ಕತಂಗಿಯರೂ ಬರುತ್ತಾರೆ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಾರೆ. ಆಕೆಯನ್ನು ಕೇಳಿದರೆ ಅಣ್ಣ ಉತ್ತರಿಸುತ್ತಾನೆ: “ಆಕಿದೇನೈತ್ರೀ, ನಾವ್ ಹೇಳಿದಂಗ.” ಆಕೆಯೂ “ಅಣ್ಣಗೋಳು ಹೆಂಗಂತಾರ ಹಂಗ್ರಿ” ಎನ್ನುತ್ತಾಳೆ. ಹಕ್ಕುಬಿಡುಗಡೆ ಪತ್ರ ಸಿದ್ಧವಾಗಿಯೇ ಇರುತ್ತದೆ. ಎಲ್ಲರ ಮಾತನ್ನೂ ಸಮನಾಗಿ ಕೇಳುತ್ತೇನೆ ಎಂದು ನಾನು ಸುಮ್ಮನೆ ಕುಳಿತರೆ, ಜೋರಾಗಿ ಮಾತನಾಡುವವನನ್ನು ಮಾತ್ರ ಕೇಳಿದಂತಾಗುತ್ತದೆ. ಆದ್ದರಿಂದ ಆಕೆಯೊಬ್ಬಳನ್ನೇ ಬೇರೆಯಾಗಿ ಕೂರಿಸಿ, ಪತ್ರದ ಬಗ್ಗೆ ಅಲ್ಲ, ತವರಿಗೆ ಹೋಗಿ ಎಷ್ಟು ದಿನವಾಯಿತು ಎಂದು ವಿಚಾರಿಸುತ್ತೇನೆ. ಕೆಲವರು ಆಗಲೂ ಬಿಟ್ಟುಕೊಡುತ್ತೇನೆ ಎನ್ನುತ್ತಾರೆ, ಅದು ಅವರ ನಿರ್ಧಾರ. ಕೆಲವರು ಬಹಳ ಹೊತ್ತು ಸುಮ್ಮನಿದ್ದು, “ಹೊಲ ಬ್ಯಾಡ್ರಿ, ಪಂಚಮಿಗೆ ಕರೀಲಿ” ಎನ್ನುತ್ತಾರೆ. ಇನ್ನು ಕೆಲವರು ಹೊಲವೇ ಬೇಕು ಎನ್ನುತ್ತಾರೆ, ಎಷ್ಟು ಎಕರೆ ಎಂಬುದೂ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಉಪನ್ಯಾಸ ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯ ತಾಯಿಯೊಬ್ಬರು ಎದ್ದು, “ನಮ್ಮ ಯಜಮಾನರಿಗೆ ಕಿವೀನಽ ಮಂದ. ಅವರ ಕೂಡ ಹೆಂಗ ಮಾತಾಡಬೇಕ್ರಿ?” ಎಂದು ಕೇಳಿದರು. ಸಭೆ ನಕ್ಕಿತು, ಆದರೆ ಆ ಸಂಜೆಯ ಅತ್ಯಂತ ಪ್ರಾಮಾಣಿಕ ಪ್ರಶ್ನೆ ಅದೇ ಆಗಿತ್ತು. ನನ್ನ ತಂದೆಯವರಿಗೂ ಅದೇ ತೊಂದರೆ ಇರುವುದರಿಂದ ನನಗೆ ತಿಳಿದಷ್ಟನ್ನು ಹೇಳಿದೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ತಾರಕದ ಧ್ವನಿಗಳು. ಸ, ಶ, ತ, ಫದಂಥ ಅಕ್ಷರಗಳು ಮಸುಕಾಗುತ್ತವೆ, ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಕಿರುಚಿದರೆ ದನಿ ಇನ್ನಷ್ಟು ಏರಿ ಒಡೆಯುವುದರಿಂದ ಪ್ರಯೋಜನವಿಲ್ಲ. ಟಿ.ವಿ. ಆರಿಸಿ, ಅವರ ಎದುರಿಗೆ ಬೆಳಕಿನಲ್ಲಿ ಕುಳಿತು, ದನಿಯ ಸ್ಥಾಯಿಯನ್ನಷ್ಟೇ ತಗ್ಗಿಸಿ ನಿಧಾನವಾಗಿ ಹೇಳಬೇಕು. ತಿಳಿಯದಿದ್ದರೆ ಅದೇ ವಾಕ್ಯವನ್ನು ಮೂರು ಸಲ ಹೇಳುವ ಬದಲು ಬೇರೆ ಶಬ್ದಗಳಲ್ಲಿ ಹೇಳಬೇಕು. ಕಿವಿ ಪರೀಕ್ಷೆ ಮಾಡಿಸುವುದಂತೂ ಬೇಕೇ ಬೇಕು. ಮತ್ತು ಅವರ ‘ಹೂಂ’ ನಂಬಬಾರದು. ನನ್ನ ತಂದೆ ಕೇಳಿಸದಿದ್ದರೂ ನಮಗೆ ಬೇಸರವಾಗಬಾರದೆಂದು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಅದಕ್ಕೇ ಡಾಕ್ಟರರ ಹತ್ತಿರ ಹೋಗುವುದು ಹತ್ತು ಗಂಟೆಗೆ ಎಂದು ಹೇಳಿದ ಮೇಲೆ ನಾನು, “ಅಪ್ಪಾ, ಎಷ್ಟಕ್ಕ ಹೊರಡೂಣು ಅಂದೆ?” ಎಂದು ಮತ್ತೆ ಕೇಳುತ್ತೇನೆ. ಅವರು ನನ್ನನ್ನು ದಿಟ್ಟಿಸಿ ನೋಡಿ, “ನನಗ ಪಾಟೀಸವಾಲು ಹಾಕಬ್ಯಾಡ, ಹತ್ತಕ್ಕ” ಎನ್ನುತ್ತಾರೆ.